ಮೈಗೊಪ್ಪುವ ಯೋಗ ಹೇಳಿಕೊಟ್ಟ ಮುಚುಕುಂದಪುರದ ಆಚಾರ್ಯ

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟರೆ ಉಣಕಲ್ ಕೆರೆ ದಾಟಿದ ಮೇಲೆ, ನವನಗರ ತಲುಪುವ ಮುನ್ನ, ಬೈರಿದೇವರಕೊಪ್ಪ ಸಿಗುತ್ತದೆ. ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ಊರು ಇಂದು ಅವಳಿ ನಗರದ ನಡುವಿನ ಬಡಾವಣೆ. ಅದರ ಮೈಗೆ ತಾಗಿಕೊಂಡೇ ಹಳೆಯ ಪುಣೆ-ಬೆಂಗಳೂರು ರಸ್ತೆ ಸಾಗುತ್ತದೆ. 2018ರಿಂದ ಚಿಗರಿ ಬಸ್ಸುಗಳು ಓಡಾಡುತ್ತಿರುವುದೂ ಇದೇ ರಸ್ತೆಯಲ್ಲಿ. ನಸುಕಿನಲ್ಲಿ ಇಲ್ಲಿ ಎದ್ದು ಬಂದವರಿಗೆ, ಕಿವಿಗೆ ಮಫ್ಲರ್ ಸುತ್ತಿಕೊಂಡು ಬಿರುಸಾಗಿ ನಡೆಯುವ ಹಿರಿಯರು, ಕೆರೆಯ ದಾರಿ ಹಿಡಿದ ಗೃಹಿಣಿಯರು, ಹೊಸ ಬೂಟು ತೊಟ್ಟು ಓಡುವ ತರುಣರು ಎದುರಾಗುತ್ತಾರೆ.

ರಾಜ್ಯದ ಯಾವ ನಗರಕ್ಕೆ ಹೋದರೂ ಇದೇ ದೃಶ್ಯ. ಇದರ ಜೊತೆಗೇ ಇನ್ನೊಂದು ಸಂಗತಿಯೂ ಎಲ್ಲ ಊರಿನವರಿಗೂ ಗೊತ್ತು. ಜನವರಿಯ ಮೊದಲ ವಾರದಲ್ಲಿ ಕಂಡ ಮುಖಗಳಲ್ಲಿ ಹಲವು ಯುಗಾದಿಯ ಹೊತ್ತಿಗೆ ಕಾಣುವುದಿಲ್ಲ. ಕೆಲವರ ಮೊಣಕಾಲು ನೋಯುತ್ತದೆ, ಕೆಲವರಿಗೆ ಬೇಸರ ಹುಟ್ಟುತ್ತದೆ, ಇನ್ನು ಕೆಲವರು ಮೊದಲ ದಿನವೇ ಅತಿಯಾಗಿ ಮಾಡಿ ಎರಡನೆಯ ವಾರದಲ್ಲಿ ಹಾಸಿಗೆ ಹಿಡಿದಿರುತ್ತಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಲೆಕ್ಕ ಸುಲಭ, ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು ಅಷ್ಟೆ. ಆ ಇಪ್ಪತ್ತು ನಿಮಿಷವನ್ನು ಇಪ್ಪತ್ತು ವರ್ಷ ಬಿಡದೆ ಮಾಡುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ.

ಈ ಪ್ರಶ್ನೆಗೆ ತಮ್ಮ ನೂರು ವರ್ಷಗಳ ಬದುಕಿನಲ್ಲಿ ನಿಧಾನವಾಗಿ ಉತ್ತರ ಕಂಡುಕೊಂಡ ಕನ್ನಡ ನಾಡಿನ ಒಬ್ಬ ವಿದ್ವಾಂಸರಿದ್ದರು. ಅವರೇ ತಿರುಮಲೈ ಕೃಷ್ಣಮಾಚಾರ್ಯರು. ಇಂದು ಜಗತ್ತಿನ ಬಹುತೇಕ ನಗರಗಳಲ್ಲಿ ಯೋಗದ ಹೆಸರಿನಲ್ಲಿ ನಡೆಯುವ ತರಗತಿಗಳ ಮೂಲವನ್ನು ಹುಡುಕುತ್ತ ಹೋದರೆ ಅವರಲ್ಲಿಗೆ, ಮೈಸೂರಿನ ಒಂದು ಅರಮನೆಯ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ. ಆ ಕಥೆಯ ಒಂದು ಮುಖ್ಯ ತಿರುವು ನಡೆದದ್ದು ಬೈರಿದೇವರಕೊಪ್ಪದಿಂದ ಅನತಿ ದೂರದ ಧಾರವಾಡದಲ್ಲಿ ಎಂಬುದು ಈ ಭಾಗದವರಲ್ಲೇ ಅನೇಕರಿಗೆ ತಿಳಿದಿರಲಾರದು.

ಪರಕಾಲ ಮಠದಿಂದ ಮಾನಸ ಸರೋವರಕ್ಕೆ

ಕೃಷ್ಣಮಾಚಾರ್ಯರು ಜನಿಸಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ವೈಷ್ಣವ ಆಚಾರ್ಯ ನಾಥಮುನಿಗಳ ಪರಂಪರೆಗೆ ಸೇರಿದವರೆಂದು ಹೇಳಿಕೊಳ್ಳುತ್ತಿದ್ದ ಮನೆತನ. ತಂದೆ ಶ್ರೀನಿವಾಸ ತಾತಾಚಾರ್ಯರೇ ಮೊದಲ ಗುರು. ವೇದಪಾಠದ ಜೊತೆಗೆ ಆಸನ, ಪ್ರಾಣಾಯಾಮಗಳ ಮೊದಲ ಪಾಠವೂ ಅವರಿಂದಲೇ ಆಯಿತು. ಬಾಲಕನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂದಿತು. ಅಲ್ಲಿನ ಬ್ರಹ್ಮತಂತ್ರ ಪರಕಾಲ ಮಠದ ಪೀಠದಲ್ಲಿದ್ದವರು ಅವರ ಮುತ್ತಾತ. ಮಠದ ಆಶ್ರಯದಲ್ಲಿ ಸಂಸ್ಕೃತ ವಿದ್ಯಾಭ್ಯಾಸ ಮುಂದುವರಿಯಿತು.

ಯೌವನದಲ್ಲಿ ಅವರು ಕಾಶಿಗೆ ತೆರಳಿ ವ್ಯಾಕರಣ, ತರ್ಕ, ಮೀಮಾಂಸೆಗಳನ್ನು ಅಭ್ಯಾಸ ಮಾಡಿದರು. ಆದರೆ ಯೋಗಶಾಸ್ತ್ರವನ್ನು ಗ್ರಂಥದ ಮಟ್ಟಕ್ಕೆ ನಿಲ್ಲಿಸದೆ ಆಚರಣೆಯಲ್ಲಿ ಕಲಿಸುವ ಗುರು ಬೇಕೆಂಬ ಹಂಬಲ ಅವರನ್ನು ಹಿಮಾಲಯದ ಆಚೆಗೆ ಕರೆದೊಯ್ದಿತು. ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಸಂಸಾರಿ ಯೋಗಿಯ ಬಳಿ ಅವರು ಏಳೂವರೆ ವರ್ಷ ಇದ್ದರೆಂದು ಅವರ ಕುಟುಂಬದವರೂ ಶಿಷ್ಯರೂ ಬರೆದ ಜೀವನಚರಿತ್ರೆಗಳು ಹೇಳುತ್ತವೆ. ವಿದ್ಯೆ ಮುಗಿದಾಗ ಗುರು ಕೇಳಿದ ದಕ್ಷಿಣೆ ವಿಚಿತ್ರವಾಗಿತ್ತು. ಊರಿಗೆ ಮರಳಿ ಮದುವೆಯಾಗಬೇಕು, ಮಕ್ಕಳನ್ನು ಪಡೆದು ಗೃಹಸ್ಥನಾಗಿ ಬಾಳಬೇಕು, ಯೋಗವನ್ನು ಜನರಿಗೆ ಕಲಿಸಬೇಕು.

ಈ ಆಜ್ಞೆಯ ಅರ್ಥವನ್ನು ಆಗಿನ ಕಾಲದ ಹಿನ್ನೆಲೆಯಲ್ಲಿ ನೋಡಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೋಗವೆಂದರೆ ಸನ್ಯಾಸಿಗಳ ಗುಹೆಯ ವಿದ್ಯೆ, ಇಲ್ಲವೇ ಜಾತ್ರೆಯಲ್ಲಿ ಮೈ ಬಗ್ಗಿಸಿ ತೋರಿಸುವವರ ಕಸರತ್ತು ಎಂಬ ಭಾವನೆ ಓದಿದವರಲ್ಲಿ ಬೇರೂರಿತ್ತು. ಮನೆ, ಮಕ್ಕಳು, ನೌಕರಿಗಳ ನಡುವೆ ಬದುಕುವವನಿಗೆ ಅದು ಹೊಂದುವಂತೆ ಮಾಡುವ ಹೊಣೆ ಈ ತರುಣ ವಿದ್ವಾಂಸನ ಮೇಲೆ ಬಿತ್ತು.

ಕಾಫಿ ತೋಟದ ನೌಕರಿ

ಅವರು ಮೈಸೂರು ಸೀಮೆಗೆ ಮರಳಿದರು. 1925ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು. ಯೋಗ ಕಲಿಸುವುದರಿಂದ ಸಂಸಾರ ಸಾಗುವಂತಿರಲಿಲ್ಲ. ಹಲವು ದರ್ಶನಗಳಲ್ಲಿ ಪಾಂಡಿತ್ಯ ಗಳಿಸಿದ್ದ ಆಚಾರ್ಯರು ಹೊಟ್ಟೆಪಾಡಿಗಾಗಿ ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡಬೇಕಾಯಿತು. ಬಿಡುವಿದ್ದಾಗ ಊರೂರಿಗೆ ಹೋಗಿ ಯೋಗದ ಬಗ್ಗೆ ಉಪನ್ಯಾಸ ನೀಡಿ ಪ್ರಾತ್ಯಕ್ಷಿಕೆ ತೋರಿಸುತ್ತಿದ್ದರು.

ಜನರನ್ನು ಸೆಳೆಯಲು ಅವರು ಕೆಲವೊಮ್ಮೆ ಅಚ್ಚರಿಯ ಪ್ರದರ್ಶನಗಳ ಮೊರೆ ಹೋದದ್ದೂ ಉಂಟು. ನಾಡಿಬಡಿತವನ್ನು ಅಡಗಿಸಿ ತೋರುವುದು, ಚಲಿಸುವ ಕಾರನ್ನು ಬರಿಗೈಯಿಂದ ತಡೆಯುವುದು, ಭಾರದ ವಸ್ತುಗಳನ್ನು ಹಲ್ಲಿನಿಂದ ಎತ್ತುವುದು ಮುಂತಾದವುಗಳನ್ನು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಮೊದಲು ಜನ ನೋಡಲಿ, ಆಮೇಲೆ ಕಲಿಯಲಿ ಎಂಬುದು ಆ ಹಂತದ ಅವರ ಆಲೋಚನೆಯಾಗಿತ್ತು. 1927ರಲ್ಲಿ ಹಾಸನದ ಜ್ಯೂಬಿಲಿ ಹಾಲ್‌ನಲ್ಲಿ ನಡೆದ ಅಂಥದೊಂದು ಪ್ರಾತ್ಯಕ್ಷಿಕೆಯನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬ ಕಣ್ಣರಳಿಸಿ ನೋಡಿದ. ಮರುದಿನವೇ ಆಚಾರ್ಯರ ಬಳಿ ಕಲಿಯಲು ಹೊರಟ ಆ ಬಾಲಕನೇ ಮುಂದೆ ಮೈಸೂರಿನಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆ ಕಟ್ಟಿದ ಕೆ. ಪಟ್ಟಾಭಿ ಜೋಯಿಸ್.

ಜಗನ್ಮೋಹನ ಅರಮನೆಯ ಯೋಗಶಾಲೆ

ಅದೃಷ್ಟದ ಬಾಗಿಲು ತೆರೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರಿಂದ. 1931ರ ವೇಳೆಗೆ ಆಚಾರ್ಯರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಬೋಧಕರಾದರು. ಮಹಾರಾಜರ ಆಸಕ್ತಿಯಿಂದ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಅರಸು ಮನೆತನಗಳ ಬಾಲಕರು ಅಲ್ಲಿನ ಮುಖ್ಯ ವಿದ್ಯಾರ್ಥಿಗಳು.

ಮೈಸೂರು ಅರಮನೆಗೆ ಯೋಗಾಸನ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಕುಸ್ತಿ, ದಂಡೆ, ಬಸ್ಕಿ, ಮಲ್ಲಕಂಬಗಳ ಗರಡಿ ಸಂಪ್ರದಾಯವೂ ಅರಮನೆಯ ಆಶ್ರಯದಲ್ಲಿತ್ತು. ಪಾಶ್ಚಾತ್ಯ ಮಾದರಿಯ ಅಂಗಸಾಧನೆಯ ಗಾಳಿಯೂ ಆಗ ಬಲವಾಗಿ ಬೀಸುತ್ತಿತ್ತು. ಬೆಂಗಳೂರಿನ ವ್ಯಾಯಾಮಾಚಾರ್ಯ, ರೂಪದರ್ಶಿ ಕಾದಂಬರಿಯ ಲೇಖಕ ಕೆ.ವಿ. ಅಯ್ಯರ್ ಅವರು ಯುವಕರಿಗೆ ದೇಹದಾರ್ಢ್ಯದ ಹುಚ್ಚು ಹಿಡಿಸಿದ್ದ ದಿನಗಳವು. ಇವೆಲ್ಲವುಗಳ ಪ್ರಭಾವ ಆಚಾರ್ಯರ ಪಾಠದ ಮೇಲೆ ಎಷ್ಟು ಬಿತ್ತು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಮೈಸೂರು ಅರಮನೆಯ ಯೋಗ ಪರಂಪರೆ ಕುರಿತು ಎನ್.ಇ. ಶೋಮನ್ ಅವರು 1996ರಲ್ಲಿ ಪ್ರಕಟಿಸಿದ ಪುಸ್ತಕ ಈ ಚರ್ಚೆಗೆ ನಾಂದಿ ಹಾಡಿತು.

ಆಚಾರ್ಯರ ವೈಶಿಷ್ಟ್ಯ ವಿನ್ಯಾಸಕ್ರಮದಲ್ಲಿತ್ತು. ಆಸನವನ್ನು ಒಮ್ಮೆಲೇ ಹಾಕದೆ, ಎಣಿಕೆಯ ಮೆಟ್ಟಿಲುಗಳಲ್ಲಿ ಅದರೊಳಗೆ ಹೋಗಿ ಅದೇ ಮೆಟ್ಟಿಲುಗಳಲ್ಲಿ ಹೊರಬರಬೇಕು. ಪ್ರತಿ ಚಲನೆಗೂ ಒಂದು ಉಸಿರು. ಕೈ ಎತ್ತುವಾಗ, ಎದೆ ಅರಳಿಸುವಾಗ ಪೂರಕ. ಮುಂದೆ ಬಾಗುವಾಗ, ಹೊಟ್ಟೆ ಒತ್ತುವಾಗ ರೇಚಕ. ಒಂದು ದಿಕ್ಕಿಗೆ ದೇಹವನ್ನು ದುಡಿಸಿದ ಮೇಲೆ ಅದನ್ನು ಸಮಸ್ಥಿತಿಗೆ ತರುವ ಪ್ರತಿಕ್ರಿಯೆಯ ಆಸನ ಇರಲೇಬೇಕು. ಉಸಿರು ಏರುಪೇರಾಯಿತೆಂದರೆ ದೇಹ ತನ್ನ ಮಿತಿ ಮೀರಿದೆ ಎಂದರ್ಥ.

ಈ ಕ್ರಮವನ್ನು ಅವರು ಕನ್ನಡದಲ್ಲೇ ಬರೆದರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. 1934ರ ಯೋಗ ಮಕರಂದ ಮತ್ತು 1941ರ ಯೋಗಾಸನಗಳು ಎರಡೂ ಕನ್ನಡ ಕೃತಿಗಳು. ಎರಡನೆಯ ಪುಸ್ತಕದಲ್ಲಿ ಅವರು ಆಸನಗಳನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ಮೂರು ಗುಂಪುಗಳಲ್ಲಿ ಇರಿಸಿದರು. ಆಧುನಿಕ ಯೋಗದ ಜಾಗತಿಕ ಇತಿಹಾಸದಲ್ಲಿ ಇಂದು ಮೂಲ ಆಕರಗಳೆಂದು ಪರಿಗಣಿತವಾಗಿರುವ ಈ ಗ್ರಂಥಗಳನ್ನು ಹೊರನಾಡಿನವರು ಅನುವಾದದಲ್ಲಿ ಓದುತ್ತಾರೆ.

ಧಾರವಾಡದ ಮಹಿಳೆಯರ ತರಗತಿ

ಯೋಗಶಾಲೆಯ ಕೀರ್ತಿ ಹರಡಲೆಂದು ಮಹಾರಾಜರು ಆಚಾರ್ಯರನ್ನೂ ಶಿಷ್ಯರನ್ನೂ ಪ್ರವಾಸಕ್ಕೆ ಕಳುಹಿಸುತ್ತಿದ್ದರು. 1936ರಲ್ಲಿ ಈ ತಂಡ ಉತ್ತರ ಕರ್ನಾಟಕಕ್ಕೆ ಬಂದಿತು. ಆಗ ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಮೈಸೂರು ಸಂಸ್ಥಾನದ ಗಡಿ ದಾಟಿ ಬಂದ ಯೋಗಪಟುಗಳನ್ನು ನೋಡಲು ಜನ ಕುತೂಹಲದಿಂದ ಸೇರಿದರು.

ಧಾರವಾಡದಲ್ಲಿ ಪ್ರಾತ್ಯಕ್ಷಿಕೆ ನೋಡಿದ ಕೆಲವು ಮಹಿಳೆಯರು ತಮಗೂ ಆಸನ ಕಲಿಸಬೇಕೆಂದು ಕೇಳಿದರು. ಪರಪುರುಷರ ಎದುರು ಹೆಣ್ಣುಮಕ್ಕಳು ವ್ಯಾಯಾಮ ಮಾಡುವುದು ಆ ಕಾಲದಲ್ಲಿ ಊಹೆಗೂ ಸುಲಭವಲ್ಲ. ತಂಡದಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದ, ಮೀಸೆ ಚಿಗುರುವ ವಯಸ್ಸಿನ ಒಬ್ಬ ಹುಡುಗನಿಗೆ ಆ ಹೊಣೆ ವಹಿಸಲಾಯಿತು. ಅವನು ಆಚಾರ್ಯರ ಹೆಂಡತಿಯ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಸುಂದರರಾಜ. ಮುಂದೆ ಜಗತ್ತು ಅವರನ್ನು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಕರೆಯಿತು. ಅವರ ಬೋಧನೆಯ ಜೀವನ ಮೊದಲುಗೊಂಡದ್ದು ಹೀಗೆ, ಧಾರವಾಡದ ಮಹಿಳೆಯರ ಆ ತರಗತಿಯಲ್ಲಿ.

ಅದೇ ಪ್ರವಾಸದಲ್ಲಿ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ ಅವರು ಪ್ರಾತ್ಯಕ್ಷಿಕೆ ಕಂಡು ಮೆಚ್ಚಿದರು. ಅವರು ನಿವೃತ್ತರಾಗಿ ಪುಣೆಗೆ ಹೋದ ಮೇಲೆ, 1937ರಲ್ಲಿ, ಅಲ್ಲಿ ಯೋಗ ಕಲಿಸಲು ಅಯ್ಯಂಗಾರರನ್ನು ಕರೆಸಿಕೊಂಡರು. ಚಿತ್ರದುರ್ಗದ ಸೀಮೆಯಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಹಾದು ಪುಣೆ ಸೇರುವ ಈ ಹೆದ್ದಾರಿಯ ಉದ್ದಕ್ಕೂ ಆಧುನಿಕ ಯೋಗದ ಚರಿತ್ರೆ ಹೀಗೆ ಹರಡಿಕೊಂಡಿದೆ.

ಗುರುವಿನ ಕಠೋರ ಮುಖ

ಆಚಾರ್ಯರ ಬದುಕನ್ನು ಬರೆಯುವವರು ಅವರ ಮೈಸೂರಿನ ದಿನಗಳ ಕಠೋರತೆಯನ್ನು ಮುಚ್ಚಿಡುವಂತಿಲ್ಲ. ಅಯ್ಯಂಗಾರರು ಭಾವನ ಮನೆಗೆ ಬಂದದ್ದು 1934ರಲ್ಲಿ. ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದ್ದ ಕೃಶ ಶರೀರ ಅವರದು. ಈ ಹುಡುಗನಿಗೆ ಯೋಗ ದಕ್ಕಲಾರದೆಂದು ಆಚಾರ್ಯರು ಮೊದಲಿಗೆ ಅವನತ್ತ ಗಮನವನ್ನೇ ಹರಿಸಲಿಲ್ಲ. ಮುಖ್ಯ ಶಿಷ್ಯನೊಬ್ಬ ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೋದಾಗ, ಪ್ರದರ್ಶನಕ್ಕೆ ಬೇರೆ ಗತಿಯಿಲ್ಲದೆ ಇವರನ್ನು ಅವಸರದಲ್ಲಿ ತಯಾರು ಮಾಡಿದರು.

ಒಮ್ಮೆ ಗಣ್ಯರೊಬ್ಬರ ಎದುರಿಗೆ ಹನುಮಾನಾಸನ ಹಾಕುವಂತೆ ಗುರುವಿನ ಅಪ್ಪಣೆಯಾಯಿತು. ಕಾಲುಗಳನ್ನು ಹಿಂದೆ ಮುಂದೆ ನೇರವಾಗಿ ಚಾಚಿ ನೆಲಕ್ಕೆ ಕೂರಬೇಕಾದ ಈ ಆಸನವನ್ನು ಶಿಷ್ಯ ಅದುವರೆಗೆ ಅಭ್ಯಾಸ ಮಾಡಿರಲಿಲ್ಲ. ತೊಟ್ಟ ಚಡ್ಡಿ ಬಿಗಿಯೆಂದು ನೆಪ ಹೇಳಿದರೆ, ಕತ್ತರಿ ತರಿಸಿ ಬಟ್ಟೆಯನ್ನೇ ಕತ್ತರಿಸಲಾಯಿತು. ಆಸನವೇನೋ ಬಂದಿತು, ಆದರೆ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಆ ನೋವನ್ನು ದೀರ್ಘಕಾಲ ಅನುಭವಿಸಿದುದನ್ನು ಅಯ್ಯಂಗಾರರೇ ಹಿರಿಯ ವಯಸ್ಸಿನಲ್ಲಿ ಹಲವು ಬಾರಿ ನೆನೆದಿದ್ದಾರೆ.

ಇದೇ ಅಯ್ಯಂಗಾರರು ಪುಣೆಯಲ್ಲಿ ಮರದ ದಿಮ್ಮಿ, ಪಟ್ಟಿ, ಕುರ್ಚಿ, ದಿಂಬು, ಗೋಡೆಗಳನ್ನು ಆಸರೆಯಾಗಿ ಬಳಸಿ, ಬಗ್ಗದ ದೇಹಗಳಿಗೂ ಆಸನ ಎಟುಕುವಂತೆ ಮಾಡಿದರು. ನೋವನ್ನು ಉಂಡವರು ಇತರರಿಗೆ ನೋವಾಗದ ದಾರಿ ಹುಡುಕಿದರು. ಪ್ರದರ್ಶನಕ್ಕಾಗಿ ದೇಹವನ್ನು ಹಿಂಡುವುದಕ್ಕೂ, ಬದುಕಿಗಾಗಿ ದೇಹವನ್ನು ಸಲಹುವುದಕ್ಕೂ ಇರುವ ಅಂತರ ಈ ಒಂದು ಪ್ರಸಂಗದಿಂದ ತಿಳಿಯುತ್ತದೆ. ಆ ಅಂತರವನ್ನು ಆಚಾರ್ಯರೂ ಕ್ರಮೇಣ ಅರಿತರು ಎಂಬುದಕ್ಕೆ ಅವರ ಮುಂದಿನ ಬದುಕೇ ಸಾಕ್ಷಿ.

ಹೊರದೇಶದ ಶಿಷ್ಯೆ

1937ರಲ್ಲಿ ಯೋಗಶಾಲೆಯ ಬಾಗಿಲಿಗೆ ಬಂದವರು ರಿಗಾ ನಗರದಲ್ಲಿ ಹುಟ್ಟಿದ, ಜೆಕ್ ರಾಜತಾಂತ್ರಿಕರ ಪತ್ನಿಯಾಗಿದ್ದ ಒಬ್ಬ ಮಹಿಳೆ. ವಿದೇಶಿಯರು, ಅದರಲ್ಲೂ ಸ್ತ್ರೀಯರು ಎಂಬ ಕಾರಣಕ್ಕೆ ಆಚಾರ್ಯರು ಒಪ್ಪಲಿಲ್ಲ. ಮಹಾರಾಜರೇ ಶಿಫಾರಸು ಮಾಡಿದ ಮೇಲೆ, ಆಹಾರ ಮತ್ತು ದಿನಚರಿಯ ಕಟ್ಟುನಿಟ್ಟಿನ ನಿಯಮಗಳೊಂದಿಗೆ ಸೇರಿಸಿಕೊಂಡರು. ಮೂವತ್ತರ ಕೊನೆಯಲ್ಲಿದ್ದ ಆ ಶಿಷ್ಯೆ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಅವರ ಶ್ರದ್ಧೆ ಕಂಡು ಆಚಾರ್ಯರ ಮನಸ್ಸು ಬದಲಾಯಿತು. ಶಿಕ್ಷಣ ಮುಗಿದಾಗ ನೀವೇ ಇತರರಿಗೆ ಕಲಿಸಬೇಕೆಂದು ಅಪ್ಪಣೆ ಮಾಡಿದರು. ಇಂದ್ರಾ ದೇವಿ ಎಂಬ ಹೆಸರಿನಿಂದ ಅವರು ಶಾಂಘೈನಲ್ಲೂ, 1947ರಿಂದ ಹಾಲಿವುಡ್‌ನಲ್ಲೂ ಯೋಗ ಕಲಿಸಿದರು. 2002ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇಂದ್ರಾ ದೇವಿಯವರು ಕಲಿತ ಅಭ್ಯಾಸ ಅರಸು ಬಾಲಕರ ಅಭ್ಯಾಸದಂತೆ ಇರಲಿಲ್ಲ. ಹಾರುವ, ಜಿಗಿಯುವ ಭಾಗ ಕಡಿಮೆ. ಉಸಿರಿಗೂ ವಿಶ್ರಾಂತಿಗೂ ಹೆಚ್ಚು ಎಡೆ. ವಯಸ್ಸು, ಲಿಂಗ, ದೇಹಪ್ರಕೃತಿ ಬದಲಾದರೆ ಅಭ್ಯಾಸವೂ ಬದಲಾಗಬೇಕೆಂಬ ಆಚಾರ್ಯರ ವಿಚಾರದ ಬೀಜವನ್ನು ಇಲ್ಲಿಯೇ ಕಾಣಬಹುದು. ಮನೆಯಲ್ಲಿ ಪತ್ನಿಗೂ ಹೆಣ್ಣುಮಕ್ಕಳಿಗೂ ಅವರು ಆಸನಗಳನ್ನು ಕಲಿಸಿದ್ದರು. 1938ರಲ್ಲಿ ತೆಗೆದ ಮೂಕಿ ಚಿತ್ರವೊಂದರಲ್ಲಿ ಆಚಾರ್ಯರು, ಅಯ್ಯಂಗಾರರು, ನಾಮಗಿರಿಯಮ್ಮ ಮತ್ತು ಮಕ್ಕಳು ಆಸನ ಮಾಡುವ ದೃಶ್ಯಗಳು ಇಂದಿಗೂ ಉಳಿದಿವೆ.

ಮುಚ್ಚಿದ ಯೋಗಶಾಲೆ

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ನಿಧನರಾದರು. ಜಯಚಾಮರಾಜ ಒಡೆಯರ ಕಾಲದಲ್ಲಿ ಯೋಗಶಾಲೆ ಮುಂದುವರಿದರೂ ಮೊದಲಿನ ಉತ್ಸಾಹ ಉಳಿಯಲಿಲ್ಲ. ಸ್ವಾತಂತ್ರ್ಯ ಬಂದು ಸಂಸ್ಥಾನ ವಿಲೀನವಾಯಿತು. ಅರಮನೆಯ ಪೋಷಣೆ ನಿಂತಿತು. 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು.

ಆಗ ಆಚಾರ್ಯರಿಗೆ ಅರವತ್ತು ದಾಟಿತ್ತು. ಮೂವರು ಗಂಡು, ಮೂವರು ಹೆಣ್ಣುಮಕ್ಕಳ ಸಂಸಾರ. ಸರ್ಕಾರಿ ನೌಕರರು ಪಿಂಚಣಿ ಪಡೆದು ವಿಶ್ರಾಂತಿಗೆ ತೆರಳುವ ವಯಸ್ಸಿನಲ್ಲಿ ಅವರು ಬದುಕನ್ನು ಮೊದಲಿನಿಂದ ಕಟ್ಟಬೇಕಾಯಿತು. ಕೆಲಕಾಲ ಬೆಂಗಳೂರಿನಲ್ಲಿದ್ದರು. 1952ರಲ್ಲಿ ಮದ್ರಾಸಿನಿಂದ ಕರೆ ಬಂದಿತು. ಪಾರ್ಶ್ವವಾಯು ಬಡಿದಿದ್ದ ಅಲ್ಲಿನ ಹೆಸರಾಂತ ನ್ಯಾಯವಾದಿಯೊಬ್ಬರಿಗೆ ಚಿಕಿತ್ಸೆ ನೀಡಲು ಹೋದವರು ಆ ನಗರದಲ್ಲಿಯೇ ನೆಲೆಸಿದರು.

ಮದ್ರಾಸಿನ ಎರಡನೆಯ ಬದುಕು

ಮೈಸೂರಿನಲ್ಲಿ ಅವರ ಎದುರಿಗಿದ್ದವರು ಹತ್ತು ಹದಿನೈದು ವರ್ಷದ, ಎಲುಬು ಬೆಣ್ಣೆಯಂತಿದ್ದ ಬಾಲಕರು. ಮದ್ರಾಸಿನಲ್ಲಿ ಬಂದವರು ಬೇರೆಯೇ ಜನ. ಕೂತು ಕೆಲಸ ಮಾಡಿ ಬೆನ್ನು ಬಿಗಿದ ಗುಮಾಸ್ತರು, ಸಕ್ಕರೆ ಕಾಯಿಲೆಯ ವ್ಯಾಪಾರಿಗಳು, ಉಬ್ಬಸದ ಮಕ್ಕಳು, ಬಸುರಿಯರು, ಬಾಣಂತಿಯರು, ನಿದ್ರೆ ಬಾರದ ವೃದ್ಧರು. ಇವರಿಗೆಲ್ಲ ಮಯೂರಾಸನ ಹೇಳಿಕೊಡುವುದರಿಂದ ಪ್ರಯೋಜನವಿರಲಿಲ್ಲ.

ಆಚಾರ್ಯರು ಸಾಮೂಹಿಕ ತರಗತಿಗಿಂತ ಒಬ್ಬೊಬ್ಬರಿಗೇ ಪಾಠ ಹೇಳುವ ಕ್ರಮವನ್ನು ಹಿಡಿದರು. ಬಂದವರ ನಾಡಿ ನೋಡುವರು. ಉಸಿರಾಟ, ಹಸಿವು, ನಿದ್ರೆ, ಮಲಮೂತ್ರಗಳ ಬಗ್ಗೆ ಕೇಳುವರು. ಉದ್ಯೋಗವೇನು, ಎಷ್ಟು ಹೊತ್ತು ಬಿಡುವಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುವರು. ಆಯುರ್ವೇದದ ತಿಳಿವಳಿಕೆಯಿಂದ ಆಹಾರ, ಮೂಲಿಕೆಗಳ ಸಲಹೆಯನ್ನೂ ನೀಡುವರು. ಆಮೇಲೆ ಆ ವ್ಯಕ್ತಿಗೆಂದೇ ಒಂದು ಚಿಕ್ಕ ಅಭ್ಯಾಸ ಗೊತ್ತು ಮಾಡುವರು. ಕೈ ಎತ್ತಿ ಇಳಿಸುವ ಹನ್ನೆರಡು ಉಸಿರು, ಮಂಡಿ ಮಡಿಸಿ ಮಲಗಿ ಸೊಂಟ ಎತ್ತುವ ಆರು ಉಸಿರು, ಕೂತು ಮಾಡುವ ಸರಳ ಪ್ರಾಣಾಯಾಮ ಎಂಬಷ್ಟು ಸರಳವಾದ ಕ್ರಮಗಳಿಗೂ ಅವರ ಪರಂಪರೆಯಲ್ಲಿ ಗೌರವದ ಸ್ಥಾನವಿದೆ. ಕಾಲು ನೇರವಾಗದವನು ಮಂಡಿ ಮಡಿಸಿಯೇ ಬಾಗಬಹುದು. ನೆಲದ ಮೇಲೆ ಕೂರಲಾಗದವನು ಕುರ್ಚಿಯ ಮೇಲೆ ಕೂರಬಹುದು. ಆಸನಕ್ಕೆ ಮನುಷ್ಯ ಹೊಂದಬೇಕಾದುದಿಲ್ಲ, ಮನುಷ್ಯನಿಗೆ ಆಸನ ಹೊಂದಬೇಕು ಎಂಬುದು ಅವರ ಮದ್ರಾಸಿನ ವರ್ಷಗಳ ಬೋಧನೆಯ ತಿರುಳು.

ಇದಕ್ಕೆ ಅವರು ಕಂಡ ಆಧಾರ ಪತಂಜಲಿಯ ಸೂತ್ರಗಳೇ. ಆಸನದಲ್ಲಿ ಸ್ಥಿರತೆ ಇರಬೇಕು, ಸುಖವೂ ಇರಬೇಕು ಎಂಬುದು ಪತಂಜಲಿಯ ನಿರೂಪಣೆ. ಅಭ್ಯಾಸ ನೆಲೆಯೂರಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕು ಎಂಬುದು ಇನ್ನೊಂದು ಸೂತ್ರದ ಆಶಯ. ಈ ಎರಡನ್ನೂ ಜೋಡಿಸಿ ನೋಡಿದರೆ ನಗರವಾಸಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸುಖವಿಲ್ಲದ ಅಭ್ಯಾಸ ದೀರ್ಘಕಾಲ ನಡೆಯದು. ಸ್ಥಿರತೆ ಇಲ್ಲದ ಸುಖದಿಂದ ಫಲವಿಲ್ಲ.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಎಂಜಿನಿಯರಿಂಗ್ ಓದಿದವರು. ತಂದೆಯ ವಿದ್ಯೆಯತ್ತ ತಡವಾಗಿ ಒಲಿದರು. ಅವರು 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸ್ಥಾಪಿಸಿ, ಪ್ರತಿ ವ್ಯಕ್ತಿಗೂ ಬೇರೆಯಾದ ಅಭ್ಯಾಸ ನೀಡುವ ಈ ಕ್ರಮವನ್ನು ಮುಂದುವರಿಸಿದರು. ಆಚಾರ್ಯರ ಬಳಿ ದಶಕಗಳ ಕಾಲ ಕಲಿತ ಶ್ರೀವತ್ಸ ರಾಮಸ್ವಾಮಿ, ಎ.ಜಿ. ಮೋಹನ್ ಮುಂತಾದವರು ಅವರ ವಿಚಾರಗಳನ್ನು ಗ್ರಂಥರೂಪದಲ್ಲಿ ದಾಖಲಿಸಿದ್ದಾರೆ.

ವಯಸ್ಸಿಗೊಂದು ಕ್ರಮ

ಆ ದಾಖಲೆಗಳಲ್ಲಿ ಇಂದಿನ ಓದುಗರಿಗೆ ಬಹು ಉಪಯುಕ್ತವಾದ ಒಂದು ವಿಂಗಡಣೆಯಿದೆ. ಬೆಳೆಯುವ ವಯಸ್ಸಿನವರಿಗೆ ಸೃಷ್ಟಿಕ್ರಮ. ಇಲ್ಲಿ ಚಲನೆ, ಬಲ, ವೈವಿಧ್ಯಗಳಿಗೆ ಆದ್ಯತೆ. ಹುಡುಗರು ಜಿಗಿಯಲಿ, ಹಾರಲಿ. ಸಂಸಾರ ಮತ್ತು ಉದ್ಯೋಗದ ನಡುವಿನ ವಯಸ್ಸಿಗೆ ಸ್ಥಿತಿಕ್ರಮ. ಇರುವ ಆರೋಗ್ಯವನ್ನು ಕಾಯ್ದುಕೊಳ್ಳುವುದು ಅದರ ಗುರಿ. ಕೆಲವೇ ಆಸನಗಳು, ಹೆಚ್ಚು ಪ್ರಾಣಾಯಾಮ, ಸ್ವಲ್ಪ ಧ್ಯಾನ. ಇಳಿವಯಸ್ಸಿಗೆ ಲಯಕ್ರಮ. ಅಲ್ಲಿ ಆಸನ ಹೆಸರಿಗಷ್ಟೆ. ಉಸಿರು, ಜಪ, ಚಿಂತನೆಗಳೇ ಪ್ರಧಾನ.

ನಮ್ಮ ಉದ್ಯಾನಗಳಲ್ಲಿ ನಡೆಯುವ ಎಡವಟ್ಟಿನ ಮೂಲ ಈ ವಿಂಗಡಣೆಯನ್ನು ಮರೆತದ್ದರಲ್ಲಿದೆ. ಐವತ್ತು ದಾಟಿದವರು ಇಪ್ಪತ್ತರ ತರುಣರ ವ್ಯಾಯಾಮವನ್ನು ಒಂದೇ ವಾರದಲ್ಲಿ ಮಾಡಲು ಹೊರಡುತ್ತಾರೆ. ಅಧಿಕ ರಕ್ತದೊತ್ತಡ ಅಥವಾ ಕಣ್ಣಿನ ಒತ್ತಡದ ತೊಂದರೆ ಇದ್ದವರು ಶೀರ್ಷಾಸನ ಮಾಡಬಾರದೆಂದು ತಿಳಿಯದೆ ಟಿವಿ ನೋಡಿ ತಲೆ ಕೆಳಗೆ ಮಾಡುತ್ತಾರೆ. ಹೃದ್ರೋಗ, ಸಂಧಿವಾತ ಇರುವವರು ಮೊದಲು ವೈದ್ಯರನ್ನು ಕೇಳಿ, ಬಳಿಕ ತಿಳಿದವರ ಎದುರು ಅಭ್ಯಾಸ ಆರಂಭಿಸುವುದು ಕ್ಷೇಮ.

ಸ್ತ್ರೀಯರ ವಿಷಯದಲ್ಲಿ ಆಚಾರ್ಯರ ನಿಲುವು ಬದಲಾದ ಬಗೆಯೂ ಗಮನಾರ್ಹ. ಒಂದು ಕಾಲದಲ್ಲಿ ಶಿಷ್ಯೆಯನ್ನು ಬಾಗಿಲಲ್ಲೇ ತಡೆದವರು, ಹಿರಿಯ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಯೋಗದ ವಿಶೇಷ ಅಧಿಕಾರವಿದೆ ಎಂದು ಸಾರಿದರು. ಮಗನಿಗೆ ಹೇಳಿ ಬರೆಸಿದ ಯೋಗರಹಸ್ಯದಲ್ಲಿ ಗರ್ಭಿಣಿಯರ ಅಭ್ಯಾಸಕ್ಕೂ ಸ್ಥಾನವಿದೆ.

ಹಾಸಿಗೆಯ ಮೇಲಿನ ಅಭ್ಯಾಸ

ಆಚಾರ್ಯರು ತಮ್ಮ ವಿಚಾರವನ್ನು ತಮ್ಮ ಮೈಮೇಲೆಯೇ ಪರೀಕ್ಷೆಗೆ ಒಡ್ಡಿದ ಪ್ರಸಂಗ ಅವರ 96ನೆಯ ವಯಸ್ಸಿನಲ್ಲಿ ಒದಗಿತು. ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಚಲನೆ ಮತ್ತು ಉಸಿರಾಟದ ಕ್ರಮವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಅಂಥ ವಯಸ್ಸಿನಲ್ಲಿ ಇಂಥ ಪೆಟ್ಟು ಬಿದ್ದವರು ಶಸ್ತ್ರಚಿಕಿತ್ಸೆ ನಿರಾಕರಿಸುವುದನ್ನು ಎಲ್ಲರೂ ಅನುಸರಿಸಬೇಕಾಗಿಲ್ಲ. ಇಂದಿನ ವೈದ್ಯವಿಜ್ಞಾನದ ಮಾರ್ಗ ಬೇರೆ. ಆದರೆ ಒಂದು ಕಾಲದಲ್ಲಿ ಕಾರು ತಡೆದು ತೋರಿಸಿದ ವ್ಯಕ್ತಿ, ತೋಳೆತ್ತಿ ಇಳಿಸುವ ಅಭ್ಯಾಸವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದರು ಎಂಬುದು ಇಲ್ಲಿ ಮುಖ್ಯ. ದೇಹಕ್ಕೆ ಆ ದಿನ ಎಷ್ಟು ಸಾಧ್ಯವೋ ಅಷ್ಟೇ ಆ ದಿನದ ಯೋಗ. ಅದನ್ನು ಅವಮಾನವೆಂದು ಅವರು ಭಾವಿಸಲಿಲ್ಲ.

1988ರಲ್ಲಿ ಅವರ ನೂರನೆಯ ಹುಟ್ಟುಹಬ್ಬವನ್ನು ಶಿಷ್ಯರು ಆಚರಿಸಿದರು. 1989ರ ಫೆಬ್ರವರಿ 28ರಂದು ಮದ್ರಾಸಿನಲ್ಲಿ ಅವರು ಕೊನೆಯುಸಿರೆಳೆದರು. ಶಿಷ್ಯರು ಖಂಡಾಂತರಗಳಲ್ಲಿ ಹೆಸರು ಮಾಡಿದರೂ ಆಚಾರ್ಯರು ಸ್ವತಃ ಪಾಶ್ಚಾತ್ಯ ದೇಶಗಳಿಗೆ ಹೋದವರಲ್ಲ.

ಉಳಿದ ಪಾಠ

ಪಟ್ಟಾಭಿ ಜೋಯಿಸರು 2009ರಲ್ಲಿ, ಅಯ್ಯಂಗಾರರು 2014ರಲ್ಲಿ, ದೇಶಿಕಾಚಾರರು 2016ರಲ್ಲಿ ತೀರಿಕೊಂಡರು. 2015ರಿಂದ ಪ್ರತಿ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನ ಆಚರಿಸಲಾಗುತ್ತಿದೆ. ಆ ಒಂದು ದಿನ ಮೈದಾನಗಳು ತುಂಬುತ್ತವೆ. ಜೂನ್ 22ರ ಬೆಳಗ್ಗೆ ಎಷ್ಟು ಜನ ಚಾಪೆ ಹಾಸುತ್ತಾರೆ ಎಂಬುದು ಆಚಾರ್ಯರಿಗೆ ಮುಖ್ಯವಾಗುತ್ತಿತ್ತೇನೋ.

ಒಬ್ಬನೇ ಗುರುವಿನ ಶಿಷ್ಯರು ಪರಸ್ಪರ ಹೋಲದ ದಾರಿ ಹಿಡಿದುದರಲ್ಲಿಯೂ ಒಂದು ಪಾಠವಿದೆ. ಜೋಯಿಸರದು ಬೆವರು ಹರಿಸುವ ಹರಿವು, ಅಯ್ಯಂಗಾರರದು ಆಸರೆ ಹಿಡಿದ ಕರಾರುವಾಕ್ಕು, ಇಂದ್ರಾ ದೇವಿಯವರದು ಸೌಮ್ಯ, ದೇಶಿಕಾಚಾರರದು ಒಬ್ಬೊಬ್ಬರಿಗೊಂದು. ಯಾವುದು ಶ್ರೇಷ್ಠ ಎಂಬ ವಾದಕ್ಕೆ ಕೊನೆಯಿಲ್ಲ. ನನ್ನ ಮೈಗೆ, ನನ್ನ ವಯಸ್ಸಿಗ��, ನನ್ನ ದಿನಚರಿಗೆ ಯಾವುದು ಒಪ್ಪುತ್ತದೆ, ನಾಳೆಯೂ ಮಾಡಬೇಕೆಂಬ ಮನಸ್ಸನ್ನು ಯಾವುದು ಉಳಿಸುತ್ತದೆ ಎಂದು ಕೇಳಿಕೊಂಡರೆ ಉತ್ತರ ಬೇಗ ದೊರೆಯುತ್ತದೆ. ಅದು ಆಸನವೇ ಆಗಬೇಕೆಂದಿಲ್ಲ. ನಡಿಗೆ, ಈಜು, ಸೈಕಲ್, ಕೋಲಾಟ ಯಾವುದಾದರೂ ಆಗಬಹುದು. ಮಾಡುವಾಗ ಉಸಿರು ನೆಮ್ಮದಿಯಾಗಿರಬೇಕು, ಮುಗಿದ ಮೇಲೆ ಮೈ ಹಗುರಾಗಿರಬೇಕು.

ಬೈರಿದೇವರಕೊಪ್ಪದ ನಸುಕಿನ ನಡಿಗೆಗಾರರಲ್ಲಿ ವರ್ಷಗಟ್ಟಲೆ ಬಿಡದೆ ಬರುವವರನ್ನು ಗಮನಿಸಿದರೆ, ಅವರು ಅತಿ ವೇಗದವರಲ್ಲ, ಅತಿ ದೂರ ಹೋಗುವವರೂ ಅಲ್ಲ ಎಂಬುದು ತಿಳಿಯುತ್ತದೆ. ಜೊತೆಗಾರರೊಡನೆ ಮಾತಾಡುತ್ತ, ದಣಿದಾಗ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು, ಚಹಾದ ಹೊತ್ತಿಗೆ ಮನೆ ಸೇರುವವರು ಅವರು. ಯೋಗ ಮಕರಂದವನ್ನು ಅವರು ಓದಿರಲಿಕ್ಕಿಲ್ಲ. ಆದರೆ ಮುಚುಕುಂದಪುರದ ಆಚಾರ್ಯರು ನೂರು ವರ್ಷ ಬಾಳಿ ಕಂಡುಕೊಂಡದ್ದನ್ನು ಅವರ ಕಾಲುಗಳು ಅರಿತಿವೆ.